ಗಡ್ಡೆಯ ಮಾತು ಹೇಳಿದಿರಿ, ಅದು ಹಾಕಿಕೊಂಡ ದಾರಿಯ ಮಾತು ಹೇಳಲಿಲ್ಲ

ಮೆದುಳಿನ ಗಡ್ಡೆಗೆ ಚಿಕಿತ್ಸೆ ಕೊಡುವ ನಾಡಿನ ಎಲ್ಲ ವೈದ್ಯರಿಗೆ,
ವೈದ್ಯಕೀಯ ಶಿಕ್ಷಣ ಮತ್ತು ಸಂಶೋಧನೆಯ ಹೊಣೆ ಹೊತ್ತಿರುವ ಅಧಿಕಾರಿಗಳಿಗೆ,

ಮಾನ್ಯರೇ,

ನಾನು ಶಿರಸಿ ತಾಲ್ಲೂಕಿನ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುವ ಶಿಕ್ಷಕಿ. ಇಪ್ಪತ್ತಾರು ವರ್ಷದಿಂದ ಮಕ್ಕಳಿಗೆ ಕಪ್ಪು ಹಲಗೆಯ ಮೇಲೆ ಜೀವಕೋಶದ ಚಿತ್ರ ಬರೆದು ತೋರಿಸುತ್ತಿದ್ದೇನೆ. ನನ್ನ ಅಣ್ಣ ಅಡಿಕೆ ತೋಟ ಮಾಡಿಕೊಂಡಿದ್ದವನು. ಮೆದುಳಿನ ಗಡ್ಡೆಯಿಂದ ತೀರಿಕೊಂಡ. ಅವನನ್ನು ಉಳಿಸಲಿಲ್ಲ ಎಂದು ದೂರಲು ಈ ಪತ್ರ ಬರೆಯುತ್ತಿಲ್ಲ. ಆ ಕಾಯಿಲೆಯನ್ನು ಬೇರುಸಮೇತ ತೆಗೆಯುವ ಔಷಧ ಇನ್ನೂ ಯಾರ ಕೈಯಲ್ಲೂ ಇಲ್ಲ ಎಂದು ಈಗ ನನಗೆ ಗೊತ್ತು. ನನ್ನ ದೂರು ಬೇರೆ. ಆ ಗಡ್ಡೆ ಎಂಥದ್ದು, ಹೇಗೆ ನಡೆಯುತ್ತದೆ, ತೆಗೆದ ಮೇಲೂ ಯಾಕೆ ಉಳಿಯುತ್ತದೆ ಎಂದು ನಮಗೆ ತಿಳಿಯುವ ಮಾತಿನಲ್ಲಿ ಯಾರೂ ಹೇಳಲಿಲ್ಲ. ಹೇಳಬಹುದಿತ್ತು. ಹತ್ತು ನಿಮಿಷ ಸಾಕಿತ್ತು.

ಶುರುವಾದದ್ದು ಹೀಗೆ. ದೀಪಾವಳಿ ಕಳೆದು ಅಡಿಕೆ ಗೊನೆ ಕೊಯ್ಲು ನಡೆದಿತ್ತು. ನಾನು ಎರಡು ದಿನದ ಮಟ್ಟಿಗೆ ತವರಿಗೆ ಹೋಗಿದ್ದೆ. ರಾತ್ರಿ ಊಟ ಮುಗಿಸಿ ಎಲ್ಲರೂ ಜಗಲಿಯಲ್ಲಿ ಅಡಿಕೆ ಸುಲಿಯಲು ಕೂತಿದ್ದರು. ಅಣ್ಣ ಸಣ್ಣ ಹುಡುಗನಾಗಿದ್ದಾಗಿಂದ ಮೆಟ್ಟುಗತ್ತಿಯ ಮುಂದೆ ಕೂತವನು. ಕರೆಂಟು ಹೋದರೂ ಅವನ ಕೈ ನಿಲ್ಲುತ್ತಿರಲಿಲ್ಲ, ಕತ್ತಲಲ್ಲೇ ಸುಲಿಯುತ್ತಿದ್ದ. ಆ ರಾತ್ರಿ ಒಂದು ಕಾಯಿ ಕೈಯಲ್ಲಿ ಹಿಡಿದು ಸುಮ್ನೆ ಕೂತ. ತಿರುಗಿಸಿ ನೋಡಿದ. ಅಲಗಿನ ಹತ್ತಿರ ಒಯ್ದ, ಮತ್ತೆ ವಾಪಸ್ ತಂದ. ಆಮೇಲೆ ನನ್ನ ಕಡೆ ತಿರುಗಿ, ‘ತಂಗೀ, ಇದನ್ನ ಎಂತ ಮಾಡದು?’ ಅಂದ. ತಮಾಷೆ ಅಂದುಕೊಂಡು ನಾವೆಲ್ಲ ನಕ್ಕೆವು. ಅವನು ನಗಲಿಲ್ಲ.

ಹದಿನೈದು ದಿನದಲ್ಲಿ ಅಂಗಿಯ ಗುಂಡಿ ಹಾಕಿಕೊಳ್ಳಲು ಬರದಾಯಿತು. ಕೈಗೆ ಶಕ್ತಿ ಇತ್ತು, ಆದರೆ ಕೈಗೆ ಕೆಲಸ ಮರೆತುಹೋಗಿತ್ತು. ಊರಲ್ಲಿ ಬಿಪಿ ಅಂದರು, ಸುಸ್ತು ಅಂದರು. ಕೊನೆಗೆ ನೂರು ಕಿಲೋಮೀಟರ್ ದೂರದ ಹುಬ್ಬಳ್ಳಿಗೆ ಕರೆದುಕೊಂಡು ಹೋಗಿ ಎಂಆರ್‌ಐ ಮಾಡಿಸಿದೆವು. ಮೆದುಳಿನ ಎಡಭಾಗದಲ್ಲಿ, ಕಿವಿಯಿಂದ ಸ್ವಲ್ಪ ಮೇಲೆ, ನಿಂಬೆಹಣ್ಣಿನಷ್ಟು ದೊಡ್ಡ ಗಡ್ಡೆ. ಅಲ್ಲಿಂದ ಇನ್ನೂ ದೊಡ್ಡ ಊರಿನ ದೊಡ್ಡ ಆಸ್ಪತ್ರೆಗೆ ಹೋದೆವು. ಅದರ ಹೆಸರು ಇಲ್ಲಿ ಬರೆಯುವುದಿಲ್ಲ. ಒಂದು ಆಸ್ಪತ್ರೆಯ ತಪ್ಪಾಗಿದ್ದರೆ ಅವರಿಗೇ ಕಾಗದ ಬರೆದು ಮುಗಿಸುತ್ತಿದ್ದೆ.

ಐದು ತಾಸು ಆಪರೇಷನ್ ನಡೆಯಿತು. ಸರ್ಜನ್ ಹೊರಗೆ ಬಂದು ಮಾಸ್ಕ್ ಕೆಳಗಿಳಿಸಿ ಹೇಳಿದರು: ‘ಪೂರ್ತಿ ತೆಗೆದಿದ್ದೇವೆ. ಹೆದರಬೇಡಿ.’ ಅತ್ತಿಗೆ ಅಲ್ಲೇ ಅವರ ಕಾಲು ಮುಟ್ಟಿದಳು. ಅವರ ಕೈಚಳಕದ ಬಗ್ಗೆ ನನಗೆ ಇವತ್ತಿಗೂ ಗೌರವ ಇದೆ. ಮರುದಿನ ಅಣ್ಣ ಮಾತಾಡಿದ, ಚಮಚ ಹಿಡಿದ. ಆದರೆ ಆ ವಾಕ್ಯದಲ್ಲಿ ಎರಡು ಶಬ್ದ ಬಿಟ್ಟುಹೋಗಿದ್ದವು. ಅವರು ಹೇಳಬೇಕಾಗಿದ್ದದ್ದು ‘ಕಣ್ಣಿಗೆ ಕಂಡದ್ದನ್ನು ಪೂರ್ತಿ ತೆಗೆದಿದ್ದೇವೆ’ ಎಂದು. ಆ ಎರಡು ಶಬ್ದ ಇಲ್ಲದ್ದರಿಂದ ನಮ್ಮ ಮನೆಯಲ್ಲಿ ಏನೇನಾಯಿತು ಎಂದು ಕೇಳಿ.

ಬಯಾಪ್ಸಿ ರಿಪೋರ್ಟು ಹನ್ನೆರಡು ದಿನ ಬಿಟ್ಟು ಬಂತು. ಕೌಂಟರಿನಲ್ಲಿ ಒಂದು ಲಕೋಟೆ ಕೊಟ್ಟರು. ಒಳಗೆ ಇಂಗ್ಲಿಷಿನಲ್ಲಿ ಅರ್ಧ ಪುಟ. ಗ್ಲಯೊಬ್ಲಾಸ್ಟೋಮಾ, ಗ್ರೇಡ್ ನಾಲ್ಕು ಎಂದಿತ್ತು. ಮೆದುಳಿನಲ್ಲೇ ಹುಟ್ಟುವ ಕ್ಯಾನ್ಸರ್, ಅದೂ ಅತಿ ಉಗ್ರ ದರ್ಜೆಯದು ಎಂದು ನನಗೆ ತಿಳಿದದ್ದು ಆಮೇಲೆ. ‘ಇನ್ನು ರೇಡಿಯೇಶನ್ ತಗೊಳ್ಳಿ, ಮುಂಜಾಗ್ರತೆಗೆ’ ಅಂದರು. ಮುಂಜಾಗ್ರತೆ ಅಂದರೆ ನಮ್ಮ ಕಡೆ ಸ್ವಲ್ಪ ತಡವಾದರೂ ನಡೆಯುವ ಕೆಲಸ. ಅದು ಮಾರಿಕಾಂಬಾ ಜಾತ್ರೆಯ ವರ್ಷ. ಎರಡು ವರ್ಷಕ್ಕೊಮ್ಮೆ ಬರುವ ಜಾತ್ರೆ, ಮನೆ ತುಂಬ ನೆಂಟರು, ಗಂಡ ಬದುಕಿ ಬಂದ ಎಂದು ಅತ್ತಿಗೆ ಹೊತ್ತ ಹರಕೆ ಬೇರೆ. ಜಾತ್ರೆ ಮುಗಿಸಿಕೊಂಡೇ ಹೋಗೋಣ ಎಂದಾಯಿತು. ಆಪರೇಷನ್ ಆಗಿ ನಾಲ್ಕರಿಂದ ಆರು ವಾರದೊಳಗೆ ಸಾಮಾನ್ಯವಾಗಿ ಶುರುವಾಗಬೇಕಾದ ರೇಡಿಯೇಶನ್ ನಮಗೆ ಶುರುವಾದದ್ದು ಹತ್ತನೇ ವಾರಕ್ಕೆ. ಅದೂ ವಾರಕ್ಕೆ ಐದು ದಿನ, ಆರು ವಾರ, ಒಟ್ಟು ಮೂವತ್ತು ಸಲ. ದಿನಾ ಹೋಗಿ ಬರುವ ದೂರದಲ್ಲಿ ನಮಗೆ ಆ ಸೌಲಭ್ಯ ಇರಲಿಲ್ಲ. ರೂಮು ಮಾಡಿಕೊಂಡು ಇದ್ದರು.

ಮುಗಿಸಿ ಬಂದಾಗ ಅಣ್ಣ ಚೆನ್ನಾಗಿದ್ದ. ಮಳೆ ಶುರುವಾಗಿ ಕೊಳೆರೋಗಕ್ಕೆ ಮದ್ದು ಹೊಡೆಯುವ ಹೊತ್ತು. ಸ್ಕ್ಯಾನಿಂಗಿಗೆ ಮತ್ತೆ ಅಷ್ಟು ದೂರ ಯಾಕೆ, ಪೂರ್ತಿ ತೆಗೆದಾಗಿದೆಯಲ್ಲ ಎಂದು ಅವನೇ ಅಂದ. ನಾವೂ ಹೂಂ ಅಂದೆವು. ಚೌತಿಯ ವಾರದಲ್ಲಿ ಗಣಪತಿಯ ಮುಂದೆ ಕೂತವನಿಗೆ ಫಿಟ್ಸ್ ಬಂತು. ಹಳೆಯ ಗಾಯದ ಅಂಚಿನಲ್ಲೇ, ಎರಡು ಸೆಂಟಿಮೀಟರ್ ಒಳಗೆ, ಮತ್ತೆ ಬೆಳೆದಿತ್ತು. ಮುಂದಿನ ದೀಪಾವಳಿಗೆ ಅವನಿರಲಿಲ್ಲ.

ತಡ ಮಾಡದೇ ಇದ್ದರೆ ಬದುಕುತ್ತಿದ್ದ ಎಂದು ನಾನು ಹೇಳುವುದಿಲ್ಲ. ಹಾಗೆ ಹೇಳಿದರೆ ಸುಳ್ಳಾಗುತ್ತದೆ. ಆದರೆ ಗೊತ್ತಿದ್ದರೆ ನಾವು ಒಂದು ದಿನವೂ ಕಾಯುತ್ತಿರಲಿಲ್ಲ. ಆ ಬೇಸಿಗೆಯನ್ನೂ ಬೇರೆ ರೀತಿ ಕಳೆಯುತ್ತಿದ್ದೆವು. ಅವನ ಮಗಳ ಮದುವೆ ಮಾತುಕತೆಯನ್ನು ಮುಂದಿನ ವರ್ಷಕ್ಕೆ ಹಾಕುತ್ತಿರಲಿಲ್ಲ.

ಅಣ್ಣ ಹೋದ ಮೇಲೆ ನಾನು ಓದಲು ಕೂತೆ. ಪಾಠಕ್ಕೆ ತಯಾರಿ ಮಾಡುವ ಹಾಗೆ ನೋಟ್ಸ್ ಬರೆದುಕೊಂಡು ಓದಿದೆ. ಓದುತ್ತ ಹೋದ ಹಾಗೆ ಸಿಟ್ಟು ಬಂತು. ಇದರಲ್ಲಿ ನಮಗೆ ಹೇಳಲಾಗದಷ್ಟು ಕಷ್ಟದ್ದು ಏನೂ ಇರಲಿಲ್ಲ. ನನ್ನ ಒಂಬತ್ತನೇ ಕ್ಲಾಸಿನ ಮಕ್ಕಳಿಗೆ ಹೇಳಿದರೆ ತಿಳಿದುಕೊಳ್ಳುತ್ತಾರೆ.

ಮೊದಲು ಆ ‘ಗಡ್ಡೆ’ ಎಂಬ ಹೆಸರೇ ನಮ್ಮನ್ನು ದಾರಿ ತಪ್ಪಿಸಿತು. ಗಡ್ಡೆ ಅಂದರೆ ನಮ್ಮ ಕಣ್ಣ ಮುಂದೆ ಬರುವುದು ಆಲೂಗಡ್ಡೆ, ಸುವರ್ಣಗಡ್ಡೆ. ಅಗೆದು ಎತ್ತಿದರೆ ಹೊಂಡ ಉಳಿಯುತ್ತದೆ, ಗಡ್ಡೆ ಬುಟ್ಟಿಗೆ ಬರುತ್ತದೆ. ಗ್ಲಯೊಬ್ಲಾಸ್ಟೋಮಾ ಹಾಗಲ್ಲ. ಅದಕ್ಕೆ ಸಿಪ್ಪೆ ಇಲ್ಲ, ಅಂಚಿಲ್ಲ. ಎಂಆರ್‌ಐನಲ್ಲಿ ಬೆಳ್ಳಗೆ ಹೊಳೆಯುವುದು ರಕ್ತನಾಳ ಸೋರುವ ಜಾಗ ಮಾತ್ರ. ಅದರಾಚೆ ಒಂದೊಂದಾಗಿ ನಡೆದು ಹೋದ ಕೋಶಗಳು ಯಾವ ಸ್ಕ್ಯಾನಿಗೂ ಸಿಗುವುದಿಲ್ಲ. ಬೇರೆ ಎಷ್ಟೋ ಕ್ಯಾನ್ಸರ್ ರಕ್ತದಲ್ಲಿ ತೇಲಿ ದೂರದ ಅಂಗಕ್ಕೆ ಹೋಗುತ್ತವೆ. ಇದು ಮೆದುಳು ಬಿಟ್ಟು ಹೊರಗೆ ಹೋಗುವುದು ತೀರಾ ಅಪರೂಪ. ಒಳಗೊಳಗೇ ತೆವಳುತ್ತದೆ.

ಇದು ಹೊಸ ವಿಷಯವೂ ಅಲ್ಲ. ಅಮೆರಿಕದ ಬಾಲ್ಟಿಮೋರಿನಲ್ಲಿ ವಾಲ್ಟರ್ ಡ್ಯಾಂಡಿ ಎಂಬ ಸರ್ಜನ್ ಇಂಥ ಗಡ್ಡೆ ಇದ್ದವರ ಬಲ ಅರ್ಧ ಮೆದುಳನ್ನೇ ತೆಗೆದುಹಾಕಿ 1928ರಲ್ಲಿ ಅದರ ಬಗ್ಗೆ ಬರೆದರು. ಅರ್ಧ ಮೆದುಳು ಹೋದರೂ ಕಾಯಿಲೆ ಹೋಗಲಿಲ್ಲ. 1938ರಲ್ಲಿ ಶೆರರ್ ಎಂಬ ಜರ್ಮನ್ ರೋಗಶಾಸ್ತ್ರಜ್ಞರು ಈ ಕೋಶಗಳು ಯಾವ ದಾರಿ ಹಿಡಿಯುತ್ತವೆ ಎಂದು ವಿವರವಾಗಿ ಬರೆದರು: ರಕ್ತನಾಳದ ಹೊರಮೈ ಹಿಡಿದು, ನರತಂತುಗಳ ಕಟ್ಟಿನ ಉದ್ದಕ್ಕೆ, ಮೆದುಳಿನ ಮೇಲ್ಪೊರೆಯ ಕೆಳಗೆ, ನರಕೋಶಗಳನ್ನು ಸುತ್ತಿಕೊಂಡು. ಎಂಬತ್ತು ವರ್ಷಕ್ಕೂ ಹಿಂದೆ ಗೊತ್ತಾದದ್ದು ಶಿರಸಿಯ ಒಂದು ಮನೆಗೆ ಇನ್ನೂ ತಲುಪಿಲ್ಲ.

ಅಣ್ಣನ ಮನೆಗೆ ಇದನ್ನು ಹೇಗೆ ಹೇಳಬಹುದಿತ್ತು? ನಾನಾದರೆ ಒರಲೆಯ ಕಥೆ ಹೇಳುತ್ತಿದ್ದೆ. ಪೇಟೆಯವರು ಗೆದ್ದಲು ಅನ್ನುತ್ತಾರಲ್ಲ, ಅದು. ನಮ್ಮದು ಹಳೇ ಮನೆ, ಅಟ್ಟವೆಲ್ಲ ಮರದ್ದು, ಮಳೆಗಾಲ ಬಂತೆಂದರೆ ಒರಲೆಯ ಕಾಟ. ಒರಲೆ ಬಯಲಲ್ಲಿ ನಡೆಯುವುದಿಲ್ಲ. ಜೊಲ್ಲಿನಲ್ಲಿ ಮಣ್ಣು ಕಲಸಿ ಗೋಡೆಯ ಮೇಲೆ ಸಣ್ಣ ಕೊಳವೆ ಕಟ್ಟುತ್ತ, ಅದರೊಳಗೇ ಮುಂದೆ ಸಾಗುತ್ತದೆ. ಅಪ್ಪ ಬೆಳಗ್ಗೆ ಎದ್ದು ಕಸಬರಿಗೆಯಿಂದ ಕೆರೆದು ಹಾಕುತ್ತಿದ್ದರು. ಎರಡು ದಿನ ಬಿಟ್ಟು ನೋಡಿದರೆ ಅಲ್ಲೇ ಪಕ್ಕದಲ್ಲಿ ಹಸಿ ಮಣ್ಣಿನ ಹೊಸ ಗೆರೆ. ಗೋಡೆಯ ಮೇಲೆ ಕಂಡದ್ದು ಒರಲೆಯ ದಾರಿ ಮಾತ್ರ, ಒರಲೆ ಆಗಲೇ ತೊಲೆಯೊಳಗೆ ಇರುತ್ತಿತ್ತು.

ಈ ಕೋಶಗಳು ಮಾಡುವುದೂ ಹೆಚ್ಚುಕಡಿಮೆ ಇದನ್ನೇ. ಮೆದುಳಿನಲ್ಲಿ ಕೋಶಗಳ ನಡುವೆ ಖಾಲಿ ಜಾಗ ಇದೆ ಅಂದುಕೊಂಡಿದ್ದೆ. ಅದು ಖಾಲಿ ಅಲ್ಲ. ಮೆದುಳಿನ ಗಾತ್ರದಲ್ಲಿ ಸುಮಾರು ಐದರಲ್ಲೊಂದು ಪಾಲು ಈ ನಡುವಿನ ಜಾಗವೇ. ಅಲ್ಲಿ ನೀರಿನ ಜೊತೆ ಒಂದು ಲೋಳೆ ಇರುತ್ತದೆ, ಸಿಯಾಳದೊಳಗಿನ ಎಳೆ ತಿರುಳಿನ ಹಾಗೆ. ಹಯಲುರೋನನ್ ಎಂಬ ಉದ್ದದ ಸಕ್ಕರೆ ಸರಪಳಿ, ಅದಕ್ಕೆ ಅಂಟಿಕೊಂಡ ಬ್ರೆವಿಕಾನ್, ನ್ಯೂರೋಕಾನ್, ಟೆನಾಸಿನ್ ಎಂಬ ಪ್ರೋಟೀನ್‌ಗಳು, ಎಲ್ಲ ಸೇರಿ ಹೆಣೆದ ಮೆತ್ತನೆ ಬಲೆ. ಚರ್ಮದಲ್ಲಿ, ಎಲುಬಿನಲ್ಲಿ ಹಗ್ಗದಂತೆ ಗಟ್ಟಿಯಾಗಿರುವ ಕೊಲಾಜನ್ ಇಲ್ಲಿ ತೀರಾ ಕಡಿಮೆ, ರಕ್ತನಾಳದ ಸುತ್ತ ಮತ್ತು ಹೊರಪೊರೆಯಲ್ಲಿ ಬಿಟ್ಟರೆ. ಬೇರೆ ಅಂಗಗಳಿಂದ ಬಂದ ಕ್ಯಾನ್ಸರ್ ಮೆದುಳಿನಲ್ಲಿ ಸಾಮಾನ್ಯವಾಗಿ ಉಂಡೆಯಾಗಿ ಕೂರುತ್ತದೆ, ಇಷ್ಟು ಹರಡುವುದಿಲ್ಲ. ಮೆದುಳಿನಲ್ಲೇ ಹುಟ್ಟಿದ ಈ ಕೋಶಕ್ಕೆ ಮಾತ್ರ ಈ ಲೋಳೆಯಲ್ಲಿ ನಡೆಯುವ ವಿದ್ಯೆ ಗೊತ್ತು.

ಹೇಗೆ ನಡೆಯುತ್ತದೆ? ತನ್ನೊಳಗಿಂದ ಪ್ರೋಟೀನ್ ಮಾಡಿ ಹೊರಗೆ ಸುರಿಯುತ್ತದೆ. ಒರಲೆಯ ಜೊಲ್ಲಿನ ಹಾಗೆ. ಕೆಲವು ಪ್ರೋಟೀನ್ ಕತ್ತರಿಯ ಕೆಲಸ ಮಾಡುತ್ತವೆ, ಇದ್ದ ಬಲೆಯನ್ನು ಕತ್ತರಿಸಿ ಸಂದು ಮಾಡುತ್ತವೆ. ಕೆಲವು ಕಾಲಿಡುವ ಮೆಟ್ಟಿಲಾಗುತ್ತವೆ. ಕೋಶದ ಮೈಮೇಲಿರುವ ಇಂಟೆಗ್ರಿನ್ ಎಂಬ ಕೈಗಳು ಆ ಮೆಟ್ಟಿಲು ಹಿಡಿದು ಮೈಯನ್ನು ಮುಂದಕ್ಕೆ ಎಳೆಯುತ್ತವೆ. ಟೆನಾಸಿನ್-ಸಿ ಎಂಬುದನ್ನು ಮನುಷ್ಯರ ಮೆದುಳಿನ ಗಡ್ಡೆಗಳಲ್ಲಿ 1983ರಲ್ಲೇ ಗುರುತಿಸಿದ್ದರು, ಆಗ ಅದಕ್ಕೆ ಬೇರೆ ಹೆಸರಿತ್ತು. ಈಗಿನ ಹೆಸರು ‘ಹಿಡಿಯುವುದು’, ‘ಹುಟ್ಟುವುದು’ ಎಂಬ ಎರಡು ಲ್ಯಾಟಿನ್ ಪದಗಳಿಂದ ಬಂದದ್ದು. ಹುಟ್ಟುವುದು ಯಾಕೆ ಅಂದರೆ, ಈ ಪ್ರೋಟೀನ್ ಹೊಟ್ಟೆಯಲ್ಲಿರುವ ಮಗುವಿನಲ್ಲಿ ಧಾರಾಳವಾಗಿ ಇರುತ್ತದೆ. ಮಗುವಿನ ಮೆದುಳು ರೂಪುಗೊಳ್ಳುವಾಗ ಕೋಶಗಳು ಒಂದು ಕಡೆ ಹುಟ್ಟಿ ಇನ್ನೊಂದು ಕಡೆ ನಡೆದು ಹೋಗಿ ನೆಲೆ ನಿಲ್ಲಬೇಕು. ದೊಡ್ಡವರಾದ ಮೇಲೆ ಆ ಓಡಾಟ ಹೆಚ್ಚುಕಡಿಮೆ ನಿಂತಿರುತ್ತದೆ, ಟೆನಾಸಿನ್ ಕೂಡ ತೀರಾ ಕಡಿಮೆಯಾಗಿರುತ್ತದೆ. ಕ್ಯಾನ್ಸರ್ ಕೋಶ ಆ ಹಳೇ ವಿದ್ಯೆಯನ್ನು ಮತ್ತೆ ಎಬ್ಬಿಸುತ್ತದೆ. ಇದನ್ನು ಓದಿದ ದಿನ ನಾನು ಪುಸ್ತಕ ಮುಚ್ಚಿಟ್ಟು ತುಂಬ ಹೊತ್ತು ಕೂತಿದ್ದೆ. ಅಮ್ಮನ ಹೊಟ್ಟೆಯಲ್ಲಿ ಅಣ್ಣನ ಮೆದುಳು ಕಟ್ಟಿದ ವಿದ್ಯೆಯೇ ಐವತ್ತೆರಡು ವರ್ಷ ಕಳೆದು ಅವನ ಮೆದುಳು ಒಡೆಯಿತು.

ಬ್ರೆವಿಕಾನಿನದು ಇನ್ನೊಂದು ಕಥೆ. ಇದು ಮೆದುಳಿನಲ್ಲಿ ಮಾತ್ರ ಇರುವ ಪ್ರೋಟೀನ್. 1998ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಇಲಿಗಳ ಮೆದುಳಿನ ಗಡ್ಡೆಯಲ್ಲಿ ತೋರಿಸಿದ್ದು ಏನೆಂದರೆ, ಇದು ತುಂಡಾದಾಗ ಆ ತುಂಡು ಕೋಶಗಳನ್ನು ಮುಂದೆ ನುಗ್ಗಿಸುತ್ತದೆ. ತುಂಡಾಗದಂತೆ ಮಾಡಿದರೆ ಹಾಗೆ ಆಗುವುದಿಲ್ಲ ಎಂದು ಆಮೇಲಿನ ಪ್ರಯೋಗದಲ್ಲಿ ಗೊತ್ತಾಯಿತು. ಅಂದರೆ ಬೇಲಿ ಮುರಿದದ್ದಷ್ಟೇ ಅಲ್ಲ, ಮುರಿದ ಗೂಟವೂ ಕಳ್ಳನ ಕೈಗೆ ಸಿಕ್ಕಿತು. ಫೈಬುಲಿನ್-3 ಎಂಬುದು ಸಾಮಾನ್ಯ ಮೆದುಳಿನಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಈ ಗಡ್ಡೆಗಳಲ್ಲಿ ಮಾತ್ರ ಜಾಸ್ತಿ ಇರುತ್ತದೆ, ಕೋಶದ ಓಡಾಟ ಹೆಚ್ಚಿಸುತ್ತದೆ ಎಂದು 2009ರಲ್ಲಿ ತೋರಿಸಿದರು. ವಿಜ್ಞಾನಿಗಳು ಇದರ ಮೇಲೆ ಕಣ್ಣಿಟ್ಟಿರುವುದು ಇದೇ ಕಾರಣಕ್ಕೆ. ಒಳ್ಳೆಯ ಮೆದುಳಿಗೆ ಬೇಡದ, ಗಡ್ಡೆಗೆ ಮಾತ್ರ ಬೇಕಾದ ಪ್ರೋಟೀನ್ ಸಿಕ್ಕರೆ ಅದನ್ನು ತಡೆಯುವಾಗ ರೋಗಿಗೆ ಪೆಟ್ಟು ಕಡಿಮೆ ಅಲ್ವಾ?

ಇನ್ನೊಂದು ಮಾತು. ನಡೆಯುತ್ತಿರುವ ಕೋಶ ಒಡೆದು ಎರಡಾಗುವುದು ಕಡಿಮೆ ಎಂದು ಹಲವು ಸಂಶೋಧಕರು ಹೇಳುತ್ತಾರೆ. ರೇಡಿಯೇಶನ್ ಆಗಲಿ ಕೀಮೋ ಆಗಲಿ ಜಾಸ್ತಿ ಹೊಡೆಯುವುದು ಒಡೆಯುತ್ತಿರುವ ಕೋಶಗಳನ್ನು. ಪ್ರಯಾಣದಲ್ಲಿರುವವನು ತಪ್ಪಿಸಿಕೊಳ್ಳುತ್ತಾನೆ, ಎಲ್ಲೋ ಇಳಿದು ಮತ್ತೆ ಸಂಸಾರ ಹೂಡುತ್ತಾನೆ.

ಇಷ್ಟು ಗೊತ್ತಾಗಿದ್ದರೆ ಔಷಧ ಯಾಕಿಲ್ಲ ಎಂದು ನನಗೂ ಅನ್ನಿಸಿತ್ತು. ಪ್ರಯತ್ನ ಆಗಿದೆ. ಇಂಟೆಗ್ರಿನ್ ಕೈಗಳನ್ನು ಕಟ್ಟಿಹಾಕುವ ಸಿಲೆಂಗಿಟೈಡ್ ಎಂಬ ಔಷಧವನ್ನು ದೊಡ್ಡ ಪರೀಕ್ಷೆಗೆ ಒಡ್ಡಿದರು. 2014ರಲ್ಲಿ ಫಲಿತಾಂಶ ಬಂತು, ರೋಗಿಗಳ ಆಯಸ್ಸು ಹೆಚ್ಚಲಿಲ್ಲ. ಕತ್ತರಿ ಪ್ರೋಟೀನ್‌ಗಳನ್ನು ತಡೆಯುವ ಮಾರಿಮಾಸ್ಟಾಟ್ ಕೂಡ ಕೈಕೊಟ್ಟಿತು. ಈ ಕೋಶಕ್ಕೆ ಒಂದು ದಾರಿ ಮುಚ್ಚಿದರೆ ಇನ್ನೊಂದು ದಾರಿ ಗೊತ್ತು. ಇವತ್ತಿಗೂ ಕೊಡುವ ಮುಖ್ಯ ಚಿಕಿತ್ಸೆ 2005ರಲ್ಲಿ ಸಾಬೀತಾದದ್ದೇ: ರೇಡಿಯೇಶನ್ ಜೊತೆ ಟೆಮೊಜೊಲೊಮೈಡ್ ಮಾತ್ರೆ. ರೇಡಿಯೇಶನ್ ಒಂದೇ ಕೊಟ್ಟ ಗುಂಪಿನಲ್ಲಿ ಅರ್ಧ ಜನ 12.1 ತಿಂಗಳೊಳಗೆ ತೀರಿಕೊಂಡಿದ್ದರು. ಮಾತ್ರೆ ಸೇರಿಸಿದ ಮೇಲೆ ಅದು 14.6 ತಿಂಗಳಾಯಿತು. ಎರಡೂವರೆ ತಿಂಗಳು ಅಂದರೆ ನಿಮಗೆ ಸಣ್ಣದು ಅನ್ನಿಸಬಹುದು. ಎರಡು ವರ್ಷ ದಾಟಿದವರು ನೂರಕ್ಕೆ 10ರಿಂದ 26ಕ್ಕೆ ಏರಿದರು, ಅದು ಸಣ್ಣದಲ್ಲ. ಆದರೆ ಆ ಲೆಕ್ಕವನ್ನು ನಮಗೆ ಯಾರೂ ಹೇಳಲಿಲ್ಲ. ‘ಮುಂಜಾಗ್ರತೆ’ ಅಂದರು.

ವಿವರಣೆ ಸಿಗದ ಮನೆಯಲ್ಲಿ ಏನಾಗುತ್ತದೆ ಎಂದು ನೀವು ಬಂದು ನೋಡಬೇಕು. ಕೈಗಾ ಅಣುಸ್ಥಾವರದ ಗಾಳಿ ಅಂದರು ಒಬ್ಬರು. ಮೊಬೈಲ್ ಟವರ್ ಅಂದರು ಇನ್ನೊಬ್ಬರು. ತೋಟಕ್ಕೆ ಹೊಡೆದ ಮದ್ದು, ನಾಗದೋಷ, ಎಲ್ಲ ಬಂದವು. ಅತ್ತಿಗೆ ಮಾತ್ರ ತನ್ನನ್ನೇ ಹಿಡಿದುಕೊಂಡಳು. ಹಿಂದಿನ ಮಳೆಗಾಲ ಅಣ್ಣ ತೋಟದ ಕಾಲುಸಂಕದ ಮೇಲೆ ಜಾರಿ ಬಿದ್ದು ತಲೆಗೆ ಪೆಟ್ಟಾಗಿತ್ತು. ‘ಆ ದಿನ ಹೋಗಬೇಡಿ ಎಂದು ನಾನು ಹೇಳಬೇಕಿತ್ತು’ ಎಂದು ವರ್ಷವಿಡೀ ಅತ್ತಳು. ಈ ಗಡ್ಡೆಗೆ ಖಚಿತವಾಗಿ ಗೊತ್ತಿರುವ ಹೊರಗಿನ ಕಾರಣ ತಲೆಗೆ ಬಿದ್ದ ಬಲವಾದ ವಿಕಿರಣ ಒಂದೇ, ಉಳಿದ ಬಹುತೇಕ ರೋಗಿಗಳಲ್ಲಿ ಯಾವ ಕಾರಣವೂ ಸಿಗುವುದಿಲ್ಲ. ನೀವು ಮಾಡಿದ್ದರಿಂದ ಇದು ಬಂದದ್ದಲ್ಲ ಎಂಬ ಒಂದು ಮಾತನ್ನು ಒಬ್ಬ ಡಾಕ್ಟರ್ ಬಾಯಿಂದ ಕೇಳಿದ್ದರೆ ಅವಳು ಒಂದು ರಾತ್ರಿಯಾದರೂ ನಿದ್ದೆ ಮಾಡುತ್ತಿದ್ದಳು. ನಾನು ಹೇಳಿದೆ. ನಾದಿನಿ ಹೇಳಿದ್ದು ಸಮಾಧಾನದ ಮಾತಾಯಿತು ಅಷ್ಟೇ.

ಆದ್ದರಿಂದ ಮೊದಲ ಕೋರಿಕೆ ವೈದ್ಯರಿಗೆ. ‘ಪೂರ್ತಿ ತೆಗೆದಿದ್ದೇವೆ’ ಎಂಬ ಮಾತನ್ನು ಈ ಗಡ್ಡೆಯ ವಿಷಯದಲ್ಲಿ ದಯವಿಟ್ಟು ಬಿಡಿ. ಕಂಡದ್ದನ್ನು ತೆಗೆದಿದ್ದೇವೆ, ಕಾಣದ್ದು ಉಳಿದಿದೆ, ಅದಕ್ಕಾಗಿಯೇ ಮುಂದಿನ ಚಿಕಿತ್ಸೆ ಎಂದು ಹೇಳಿ. ನಾವು ಹೆದರಿಕೊಳ್ಳುತ್ತೇವೆ ಎಂದು ನೀವು ಹೇಳದೆ ಇರುತ್ತೀರಿ, ಗೊತ್ತು. ಹೆದರುತ್ತೇವೆ. ಆಮೇಲೆ ಎದ್ದು ಕೆಲಸ ನೋಡುತ್ತೇವೆ. ಮಳೆ ಹಿಡಿಯುವ ಮುಂಚೆ ಯಾವ ಮರದ ಗೊನೆಗೆ ಮಳೆ ತಾಗದಂತೆ ಕೊಟ್ಟೆ ಕಟ್ಟಬೇಕು ಎಂದು ಲೆಕ್ಕ ಹಾಕಿ ಬದುಕುವ ಜನ ನಾವು, ಕೆಟ್ಟ ಸುದ್ದಿ ಕೇಳಿ ಯೋಚನೆ ಮಾಡಲು ಬರುತ್ತದೆ. ಅಧಿಕಾರಿಗಳಿಗೂ ಇದರಲ್ಲಿ ಕೆಲಸ ಇದೆ. ಕಾಯಿಲೆಯ ಹೆಸರು, ಅದು ಹರಡುವ ರೀತಿ, ರೇಡಿಯೇಶನ್ ಎಷ್ಟು ವಾರದೊಳಗೆ ಶುರುವಾಗಬೇಕು, ಎಷ್ಟು ತಿಂಗಳಿಗೊಮ್ಮೆ ಸ್ಕ್ಯಾನ್, ಯಾವ ಲಕ್ಷಣ ಕಂಡರೆ ಓಡಿ ಬರಬೇಕು ಎಂದು ಕನ್ನಡದಲ್ಲಿ ಎರಡು ಪುಟದ ಹಾಳೆ ಮಾಡಿಸಿ. ಲಕೋಟೆಯೊಳಗೆ ರಿಪೋರ್ಟಿನ ಜೊತೆ ಅದೂ ಇರಲಿ. ಲಕೋಟೆ ಕೊಡುವವರು ಕೌಂಟರಿನಲ್ಲಿ ಕೊಡದೆ ಕೂರಿಸಿ ಕೊಡಲಿ.

ಎರಡನೆಯದು ಆ ತೆಗೆದ ಗಡ್ಡೆಯ ವಿಷಯ. ಅಣ್ಣನ ತಲೆಯಿಂದ ತೆಗೆದದ್ದು ಎಲ್ಲಿ ಹೋಯಿತು ಎಂದು ಒಂದು ವರ್ಷ ಬಿಟ್ಟು ಕೇಳಿದೆ. ಪರೀಕ್ಷೆಗೆ ಬೇಕಾದಷ್ಟು ಮೇಣದಲ್ಲಿ ಇಟ್ಟುಕೊಂಡು ಉಳಿದದ್ದನ್ನು ನಿಯಮದ ಪ್ರಕಾರ ವಿಲೇವಾರಿ ಮಾಡಿದ್ದರಂತೆ. ತಪ್ಪೇನೂ ಇಲ್ಲ. ಆದರೆ ಆಪರೇಷನ್‌ಗೆ ಮುಂಚೆ ಹತ್ತಾರು ಕಾಗದಕ್ಕೆ ಅತ್ತಿಗೆಯ ಸಹಿ ತೆಗೆದುಕೊಂಡರು, ‘ಇದನ್ನು ಸಂಶೋಧನೆಗೆ ಕೊಡುತ್ತೀರಾ?’ ಎಂದು ಒಬ್ಬರೂ ಕೇಳಲಿಲ್ಲ. ಕೇಳಿದ್ದರೆ ಕೊಡುತ್ತಿದ್ದೆವು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 1995ರಿಂದ ಮೆದುಳಿನ ಬ್ಯಾಂಕ್ ಇದೆ. ಭಾರತೀಯ ವಿಜ್ಞಾನ ಸಂಸ್ಥೆಯ ವಿಜ್ಞಾನಿಗಳು ಈ ಗಡ್ಡೆಯ ಮೇಲೆ ವರ್ಷಗಳಿಂದ ಕೆಲಸ ಮಾಡುತ್ತಿದ್ದಾರೆ. ಇಂಥ ಕಡೆಗೆ ಸಣ್ಣ ಊರಿನ ರೋಗಿಗಳ ಅಂಗಾಂಶವೂ ಹೋಗಿ ಸೇರುವ ಒಂದು ವ್ಯವಸ್ಥೆ ಬೇಕು. ಅದರಲ್ಲೂ ಅಂಚಿನದು. ಗಡ್ಡೆಯ ನಡುವಿನ ಭಾಗ ಪ್ರಯೋಗಾಲಯಕ್ಕೆ ಸುಲಭವಾಗಿ ಸಿಗುತ್ತದೆ. ಆದರೆ ಮತ್ತೆ ಬೆಳೆಯುವುದು ಅಂಚಿನಲ್ಲಿ ಉಳಿದ ಕೋಶ. ರೋಗಿಗೆ ತೊಂದರೆಯಾಗದಂತೆ ಅಂಚಿನಿಂದ ತೆಗೆಯಲೇಬೇಕಾಗಿ ಬಂದಾಗ ಆ ಚೂರನ್ನು ಬೇರೆಯಾಗಿ ಗುರುತು ಹಾಕಿ ಇಡಲಿ. ಒರಲೆ ಯಾವ ಮಣ್ಣು ಬಳಸಿತು ಎಂದು ನೋಡಲು ಹೊಸ ಗೆರೆಯ ಮಣ್ಣೇ ಬೇಕು.

ಸಂಶೋಧನೆಗೆ ಹಣ ಕೊಡುವವರಲ್ಲಿ ಒಂದು ವಿನಂತಿ. ಎರಡು ಔಷಧ ಸೋತವು ಎಂದು ಈ ದಾರಿಯನ್ನು ಬಿಡಬೇಡಿ. ಕೋಶವನ್ನು ಕೊಲ್ಲುವ ಔಷಧಕ್ಕೆ ಹಣ ಹೋಗಲಿ, ಬೇಡ ಅನ್ನುವುದಿಲ್ಲ. ಅದು ನಡೆಯದ ಹಾಗೆ ಮಾಡುವ ಕೆಲಸಕ್ಕೂ ಒಂದು ಪಾಲು ಇರಲಿ. ಕೂತಲ್ಲೇ ಕೂತಿದ್ದರೆ ನಮ್ಮ ಸರ್ಜನ್ ಅದನ್ನು ಅವತ್ತೇ ಮುಗಿಸುತ್ತಿದ್ದರು.

ನಮ್ಮ ಜಿಲ್ಲೆಯ ಮಾತನ್ನೂ ಹೇಳಬೇಕು. ಅರಬೈಲ್ ಘಟ್ಟ, ದೇವಿಮನೆ ಘಟ್ಟ ಹತ್ತಿಳಿದು, ತಲೆಯೊಳಗೆ ಬಾವು ಇಟ್ಟುಕೊಂಡ ರೋಗಿಯನ್ನು ಮಡಿಲಲ್ಲಿ ಮಲಗಿಸಿಕೊಂಡು ಹೋಗುವುದು ಹೇಗಿರುತ್ತದೆ ಎಂದು ಇಲ್ಲಿಯವರಿಗೆಲ್ಲ ಗೊತ್ತು. ದೊಡ್ಡ ಆಸ್ಪತ್ರೆ ಬೇಕೆಂದು ಜನ ವರ್ಷಗಳಿಂದ ಕೇಳುತ್ತಿದ್ದಾರೆ. ಅದು ಬರುವ ತನಕ ಕಾಯದೆ ಮಾಡಬಹುದಾದ ಕೆಲಸಗಳಿವೆ. ಕಾರವಾರದಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜಿದೆ. ಆಪರೇಷನ್ ಎಲ್ಲೇ ಆಗಿರಲಿ, ಆಮೇಲಿನ ತಪಾಸಣೆ ಜಿಲ್ಲೆಯೊಳಗೇ ಆಗಿ, ಸ್ಕ್ಯಾನಿನ ಚಿತ್ರ ದೊಡ್ಡ ಕೇಂದ್ರದ ತಜ್ಞರಿಗೆ ಕಂಪ್ಯೂಟರಿನಲ್ಲೇ ಹೋಗಿ, ರೋಗಿ ಊರಲ್ಲೇ ಕೂತು ಅವರ ಜೊತೆ ಮಾತಾಡುವಂತಾದರೆ ಅಣ್ಣನಂಥವರು ಸ್ಕ್ಯಾನ್ ತಪ್ಪಿಸುವುದಿಲ್ಲ. ಆಯುಷ್ಮಾನ್ ಕಾರ್ಡಿನಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿ ತನಕ ಚಿಕಿತ್ಸೆ ಸಿಗುತ್ತದೆ, ಅದು ದೊಡ್ಡ ಉಪಕಾರ. ಆದರೆ ಆರು ವಾರದ ರೂಮಿನ ಬಾಡಿಗೆ, ಜೊತೆಗಿರುವವರ ತಪ್ಪಿದ ಕೂಲಿ ಕುಟುಂಬದ ತಲೆ ಮೇಲೇ ಬೀಳುತ್ತದೆ. ಅಣ್ಣನಿಗೆ ತೋಟ ಇತ್ತು, ನಡೆಯಿತು. ಅವನ ಪಕ್ಕದ ಹಾಸಿಗೆಯಲ್ಲಿ ಭಟ್ಕಳದ ಕಡೆಯ ಒಬ್ಬ ಮೀನುಗಾರ ಇದ್ದ. ಹದಿನೇಳನೇ ಸಲಕ್ಕೆ ರೇಡಿಯೇಶನ್ ನಿಲ್ಲಿಸಿ ಊರಿಗೆ ಹೋದ. ಬೋಟಿನ ಸೀಸನ್ ನಡೆಯುತ್ತಿತ್ತು, ಮನೆಯಲ್ಲಿ ದುಡಿಯುವವನು ಅವನೊಬ್ಬನೇ. ಅವನಿಗೂ ‘ಪೂರ್ತಿ ತೆಗೆದಿದ್ದೇವೆ’ ಎಂದೇ ಹೇಳಿದ್ದರು.

ಎರಡನೇ ಅಭಿಪ್ರಾಯ ಕೇಳಲೆಂದು ಆಸ್ಪತ್ರೆಯಿಂದ ಎರಡು ಗಾಜಿನ ಸ್ಲೈಡ್ ತಂದಿದ್ದೆವು. ಹತ್ತಿಯಲ್ಲಿ ಸುತ್ತಿ ಸಣ್ಣ ಪ್ಲಾಸ್ಟಿಕ್ ಡಬ್ಬಿಯಲ್ಲಿ ಕೊಟ್ಟಿದ್ದರು. ಅಣ್ಣ ತೀರಿಕೊಂಡ ಮೇಲೆ ಒಂದು ಶನಿವಾರ ಮಧ್ಯಾಹ್ನ, ಮಕ್ಕಳೆಲ್ಲ ಮನೆಗೆ ಹೋದ ಮೇಲೆ, ಒಂದು ಸ್ಲೈಡನ್ನು ಶಾಲೆಯ ಮೈಕ್ರೋಸ್ಕೋಪಿನ ಕೆಳಗೆ ಇಟ್ಟೆ. ಈರುಳ್ಳಿ ಸಿಪ್ಪೆ ತೋರಿಸುವ ಅದೇ ಮೈಕ್ರೋಸ್ಕೋಪು. ಗುಲಾಬಿ ಬಣ್ಣದ ನೆಲ, ಅದರ ಮೇಲೆ ಒತ್ತೊತ್ತಾಗಿ ನೇರಳೆ ಚುಕ್ಕಿ. ಸ್ಲೈಡನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿದೆ. ಚುಕ್ಕಿಗಳು ವಿರಳವಾದವು. ಇನ್ನೂ ಸರಿಸಿದೆ. ಅಲ್ಲೊಂದು ಇಲ್ಲೊಂದು ಉಳಿದವು, ಉದ್ದಕ್ಕೆ ಎಳೆದಂತೆ, ಒಂದು ಸಣ್ಣ ರಕ್ತನಾಳದ ಪಕ್ಕಕ್ಕೆ ಸಾಲಾಗಿ. ಗಡ್ಡೆ ಎಲ್ಲಿ ಮುಗಿಯಿತು, ಅಣ್ಣ ಎಲ್ಲಿ ಶುರುವಾದ ಎಂದು ಹುಡುಕಿದೆ. ಗಾಜು ಮುಗಿಯುವ ತನಕ ಸಿಗಲಿಲ್ಲ.

ಆ ಎರಡು ಸ್ಲೈಡ್ ಇನ್ನೂ ನನ್ನ ಹತ್ತಿರ ಇವೆ. ಮೇಣದ ತುಂಡು ಆಸ್ಪತ್ರೆಯಲ್ಲಿರಬಹುದು, ಅದನ್ನು ಕೊಡಲು ಅತ್ತಿಗೆಯ ಒಪ್ಪಿಗೆ ಇದೆ, ಬರೆದುಕೊಟ್ಟಿದ್ದಾಳೆ. ನಿಮ್ಮಲ್ಲಿ ಯಾರಿಗಾದರೂ ಕೆಲಸಕ್ಕೆ ಬರುವುದಿದ್ದರೆ ತಿಳಿಸಿ. ಪೋಸ್ಟಿನಲ್ಲಿ ಒಡೆಯಬಹುದು. ರಜೆ ಹಾಕಿ ನಾನೇ ತಂದುಕೊಡುತ್ತೇನೆ.

ಇಂತಿ ನಿಮ್ಮ ವಿಶ್ವಾಸಿ,
ಒಬ್ಬ ವಿಜ್ಞಾನ ಶಿಕ್ಷಕಿ
ಶಿರಸಿ ತಾಲ್ಲೂಕು, ಉತ್ತರ ಕನ್ನಡ